ವಾರಂಟಿ ಅಂತ ಹೇಳಿ ಹಳೇ ಕ್ರ್ಯಾಂಕ್ ಹಾಕಿ ಕಳಿಸಿದರು: ತುಮಕೂರಿನ ಸೈಕಲ್‌ನವರೇ, ಸ್ವಲ್ಪ ನೋಡಿಕೊಳ್ಳಿ

ತುಮಕೂರಿನಲ್ಲಿ ಗೇರ್ ಸೈಕಲ್ ತಗೊಂಡಿರುವವರು, ತಗೋಬೇಕು ಅಂತಿರುವವರು ದಯವಿಟ್ಟು ಪೂರ್ತಿ ಓದಿ. ವಾರಂಟಿಯಲ್ಲಿ ಹೊಸ ಪಾರ್ಟ್ ತರಿಸಿಕೊಡ್ತೀವಿ ಅಂದರು. ನನ್ನಿಂದ ದುಡ್ಡೂ ತಗೊಂಡರು. ಕೊನೆಗೆ ಯಾರದೋ ಸೈಕಲ್‌ನಿಂದ ಬಿಚ್ಚಿದ ಹಳೇ ಕ್ರ್ಯಾಂಕಿಗೆ, ಅಂದರೆ ಪೆಡಲ್ ಸಿಕ್ಕಿಸುವ ತೋಳಿಗೆ, ಕಪ್ಪು ಬಣ್ಣ ಬಳಿದು ಹಾಕಿ ಕಳಿಸಿದರು. ಬರೆಯುತ್ತಾ ಕೂತರೆ ಈಗಲೂ ಮೈ ಉರಿಯುತ್ತದೆ. ಅಂಗಡಿ ಹೆಸರು ಹಾಕುತ್ತಿಲ್ಲ. ದೂರು ಕೊಟ್ಟಿದ್ದೇನೆ, ಅದೊಂದು ದಡ ಮುಟ್ಟಲಿ.

ಮುರಿದಿದ್ದು ಎಡಗಡೆ ಕ್ರ್ಯಾಂಕ್. ಭಾನುವಾರ ದೇವರಾಯನದುರ್ಗದ ಕಡೆ ಹೋಗಿದ್ದೆ. ನಾಮದ ಚಿಲುಮೆ ದಾಟಿ, ಏರಿನಲ್ಲಿ ಎದ್ದು ನಿಂತು ತುಳಿದೆ ನೋಡಿ, ಪೆಡಲ್ ಕಾಲಿನ ಜೊತೆಗೇ ಕಿತ್ತುಕೊಂಡು ಬಂತು. ಏರಿನಲ್ಲಿ ಆಗಿದ್ದಕ್ಕೆ ಬಚಾವಾದೆ. ಇಳಿಜಾರಿನಲ್ಲಿ ಆಗಿದ್ದರೆ ಇದನ್ನು ಬರೆಯೋಕೆ ಕೂರುತ್ತಿದ್ದೆನೋ ಇಲ್ಲವೋ. ಪೆಡಲ್ ಕೈಗೆತ್ತಿಕೊಂಡರೆ ಅದರ ಉಕ್ಕಿನ ಥ್ರೆಡ್ ಸುತ್ತ ತೆಳ್ಳಗೆ ಹೊಳೆಯುವ ತಂತಿ ಸುತ್ತಿಕೊಂಡಿತ್ತು. ಉಗುರಿನಲ್ಲಿ ಎಳೆದರೆ ಸುರುಳಿ ಬಿಚ್ಚಿಕೊಂಡು ಬರುತ್ತಿತ್ತು. ತಂತಿ ಎಲ್ಲಿಂದ ಬಂತಪ್ಪ ಅಂತ ನೋಡಿದರೆ ತಂತಿಯೇ ಅಲ್ಲ, ಕ್ರ್ಯಾಂಕ್ ತೂತಿನೊಳಗಿನ ಥ್ರೆಡ್ಡೇ ಪೂರ್ತಿ ಕಿತ್ತು ಬಂದಿದೆ.

ಸೈಕಲ್ ಬಿಚ್ಚಿ ಜೋಡಿಸಿದವರಿಗೆಲ್ಲ ಗೊತ್ತು, ಎಡಗಡೆ ಪೆಡಲ್‌ಗೆ ಉಲ್ಟಾ ಥ್ರೆಡ್ ಇರುತ್ತದೆ, ಅಂದರೆ ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಪೆಡಲ್ ಮೇಲೇ ಎಲ್, ಆರ್ ಅಂತ ಗುರುತು ಹಾಕಿರುತ್ತಾರೆ. ಮೊದಲು ಬೆರಳಲ್ಲೇ ನೇರ ಹಿಡಿಸಿ, ಆಮೇಲೆ ಸ್ಪ್ಯಾನರ್ ಹಾಕಬೇಕು. ಓರೆ ಹಿಡಿದರೂ ಬಲ ಹಾಕಿ ತಿರುಗಿಸಿದರೆ ಒಳಗೆ ಹೋಗಿಬಿಡುತ್ತದೆ, ಯಾಕೆಂದರೆ ಪೆಡಲ್‌ದು ಉಕ್ಕು, ಕ್ರ್ಯಾಂಕ್ ಮೆತ್ತಗಿರುವ ಅಲ್ಯೂಮಿನಿಯಂ. ಹೋಗುವಾಗಲೇ ಥ್ರೆಡ್ ಕೊರೆದುಕೊಂಡು ಹೋಗುತ್ತದೆ. ಸ್ವಲ್ಪ ಕಾಲ ತಡೆಯುತ್ತದೆ, ಆಮೇಲೆ ಒಂದು ದಿನ ಹೀಗೆ ಕೈ ಕೊಡುತ್ತದೆ.

ಸೈಕಲ್ ತಗೊಂಡ ದಿನ ಅಂಗಡಿ ಹುಡುಗ ನನ್ನೆದುರೇ ಪೆಡಲ್ ಹಾಕಿದ್ದು. ಫೋನ್ ಕಿವಿಗೆ ಸಿಕ್ಕಿಸಿಕೊಂಡು, ಉದ್ದದ ಸ್ಪ್ಯಾನರ್ ಮೇಲೆ ಮೈಭಾರ ಬಿಟ್ಟು ತಿರುಗಿಸುತ್ತಿದ್ದ. ಕರಕರ ಅಂತ ಸದ್ದು ಬರುತ್ತಿತ್ತು. ಯಾಕಪ್ಪ ಹಿಂಗೆ ಅಂತ ಕೇಳಿದ್ದಕ್ಕೆ "ಹೊಸ ಸೈಕಲ್ ಅಲ್ವಾ ಮೇಡಂ, ಟೈಟ್ ಇರುತ್ತೆ" ಅಂದ. ಅದನ್ನು ಮರೆತಿಲ್ಲ ನಾನು.

ಮುರಿದ ಸೈಕಲ್ ಲಗೇಜ್ ಆಟೋದಲ್ಲಿ ಹಾಕಿಕೊಂಡು ಅದೇ ಅಂಗಡಿಗೆ ಹೋದೆ. ವಾರಂಟಿ ಹೇಗಿರುತ್ತದೆ ಅಂತ ನಿಮಗೂ ಗೊತ್ತು. ಫ್ರೇಮಿಗೆ ಜಾಸ್ತಿ ವರ್ಷ, ಬೇರೆ ಪಾರ್ಟಿಗೆ ಕಡಿಮೆ, ಟೈರು ಟ್ಯೂಬು ಬ್ರೇಕ್ ಪ್ಯಾಡಿಗೆ ಏನೂ ಇಲ್ಲ. ನನ್ನ ಕಾರ್ಡಿನಲ್ಲಿ ಕ್ರ್ಯಾಂಕಿಗೆ ಒಂದು ವರ್ಷ ಅಂತ ಇತ್ತು, ವರ್ಷ ಆಗಿರಲಿಲ್ಲ. ಆದರೂ ಓನರ್ ಬಾಯಿಂದ ಬಂದ ಮೊದಲ ಮಾತು "ರಫ್ ಯೂಸ್ ಮೇಡಂ ಇದು. ಬೆಟ್ಟ ಹತ್ತೋಕೆ ಅಲ್ಲ ಈ ಸೈಕಲ್". ಅವನ ತಲೆ ಹಿಂದೆ ಗೋಡೆ ಮೇಲೆ ಅದೇ ಕಂಪನಿಯ ಪೋಸ್ಟರ್, ಅದರಲ್ಲಿ ಒಬ್ಬ ಸೈಕಲ್ ಸಮೇತ ಬಂಡೆಯಿಂದ ಹಾರುತ್ತಿದ್ದಾನೆ! ನಾನು ಅದರ ಕಡೆ ಕೈ ತೋರಿಸಿದೆ. ಅವನು ತಿರುಗಿಯೂ ನೋಡಲಿಲ್ಲ.

ಸ್ವಲ್ಪ ಜೋರು ಮಾಡಿದ ಮೇಲೆ ಮೆತ್ತಗಾದ. "ಆಯ್ತು ಮೇಡಂ, ನಮ್ಮ ಕಸ್ಟಮರ್ ನೀವು, ಕಂಪನಿಗೆ ಕ್ಲೇಮ್ ಹಾಕ್ತೀನಿ" ಅಂದ. ಕ್ರ್ಯಾಂಕ್ ಬಿಚ್ಚಿಕೊಂಡ, ಕಾರ್ಡ್ ಇಟ್ಟುಕೊಂಡ, ಬಿಲ್‌ದು ಫೋಟೋ ತೆಗೆದುಕೊಂಡ. ಸೈಕಲ್ ಅಲ್ಲೇ ಬಿಟ್ಟು ಬಂದೆ. ಆಮೇಲೆ ಶುರುವಾಯಿತು ನೋಡಿ. ಫೋನ್ ಮಾಡಿದರೆ "ಲೂಧಿಯಾನದಿಂದ ಬರಬೇಕು ಮೇಡಂ". ಮತ್ತೆ ಮಾಡಿದರೆ "ಬೆಂಗಳೂರಿಗೆ ಬಂದಿದೆ, ಗಾಡಿ ಸಿಕ್ಕಿಲ್ಲ". ಬೆಂಗಳೂರಿಂದ ತುಮಕೂರಿಗೆ ಗಾಡಿ ಸಿಕ್ಕಿಲ್ಲವಂತೆ! ಗಂಟೆಗೆ ಎಷ್ಟು ಬಸ್ಸು ಬರುತ್ತವೆ ಈ ಊರಿಗೆ? ವಾಟ್ಸಾಪ್ ಹಾಕಿದರೆ ನೀಲಿ ಟಿಕ್ ಬರುತ್ತದೆ, ಉತ್ತರ ಬರಲ್ಲ.

ಕೊನೆಗೊಂದು ಸಂಜೆ ಅವನೇ ಫೋನ್ ಮಾಡಿದ. "ಬನ್ನಿ ಮೇಡಂ, ಒರಿಜಿನಲ್ ಪೀಸ್ ಬಂದಿದೆ". ಹೋದೆ. ಆಗಲೇ ಹಾಕಿಬಿಟ್ಟಿದ್ದ. ಡಬ್ಬ ಎಲ್ಲಿ ಅಂದರೆ "ಕಸಕ್ಕೆ ಹೋಯ್ತು". ಕೊರಿಯರ್, ಫಿಟ್ಟಿಂಗ್, ಅದು ಇದು ಅಂತ 780 ರೂಪಾಯಿ ತಗೊಂಡ. ಬಿಲ್ ಕೇಳಿದರೆ 'ಎಸ್ಟಿಮೇಟ್' ಅಂತ ಪ್ರಿಂಟ್ ಆಗಿರುವ ಚೀಟಿ ಹರಿದುಕೊಟ್ಟ. ಅದರ ಮೇಲೆ ಅಂಗಡಿ ಹೆಸರೂ ಇಲ್ಲ. ವಾರಂಟಿಗೆ ಯಾಕೆ ದುಡ್ಡು ಅಂದರೆ "ಪಾರ್ಟ್ ಫ್ರೀ ಮೇಡಂ, ಇದು ಬರೀ ನಮ್ಮ ಕೂಲಿ" ಅಂದ.

ನಾಚಿಕೆಯಾಗುವುದು ಇದಕ್ಕೆ: ಮಾರನೇ ದಿನ ಆಫೀಸಿನಲ್ಲಿ ನಾನೇ ಹೊಗಳಿಕೊಂಡು ಕೂತಿದ್ದೆ, ಲೇಟ್ ಆದರೂ ಬದಲಾಯಿಸಿ ಕೊಟ್ಟರು ಕಣ್ರೀ, ಒಳ್ಳೇ ಅಂಗಡಿ ಅಂತ. ಅದನ್ನು ಕೇಳಿ ಒಬ್ಬರು ಮಗನಿಗೆ ಸೈಕಲ್ ಕೊಡಿಸೋಕೆ ಅಲ್ಲಿಗೇ ಹೋಗುವವರಿದ್ದರು.

ತುಳಿದರೆ ಏನೋ ಸರಿಯಿಲ್ಲ. ಸೊಂಟ ಒಂದು ಕಡೆ ವಾಲಿದ ಹಾಗೆ, ಎಡಮಂಡಿ ಬೇರೆ ಥರ ಮಡಚಿದ ಹಾಗೆ. ಹೊರಪೇಟೆ ಕಡೆ ಹಳೇ ಸೈಕಲ್ ಮೆಕ್ಯಾನಿಕ್ ಒಬ್ಬರಿದ್ದಾರೆ, ವಯಸ್ಸಾದವರು. ಅವರ ಹತ್ತಿರ ತಗೊಂಡು ಹೋದೆ. ಅವರು ಸೀಮೆಎಣ್ಣೆ ಬಟ್ಟೆ ತಗೊಂಡು ಎಡಗಡೆ ಕ್ರ್ಯಾಂಕಿನ ಒಳಮೈ ಹೊರಮೈ ಎರಡೂ ಒರೆಸಿದರು. ಬಟ್ಟೆ ಕಪ್ಪಾಯಿತು. ಕೊಳೆ ಅಂದುಕೊಂಡೆ. ಮತ್ತೆ ಒರೆಸಿದರು. ಬಣ್ಣ ಬಿಡುತ್ತಿತ್ತು! ಕೆಳಗೆ ಹಳೇ ಗೀರುಗಳು, ಬೆಳ್ಳಗೆ. ಯಾರದೋ ಚಪ್ಪಲಿ ವರ್ಷಗಟ್ಟಲೆ ಉಜ್ಜಿ ಸವೆಸಿದ ಗುರುತು. ಪೆಡಲ್ ತೂತಿನ ಪಕ್ಕ ಅಚ್ಚು ಕಾಣಿಸಿತು, 165. "ಈಗ ಆ ಕಡೆ ನೋಡಮ್ಮ" ಅಂದರು. ಬಲಗಡೆಗೆ ಹೋಗಿ ಬಗ್ಗಿ ನೋಡಿದೆ. 170.

ಅದು ಕ್ರ್ಯಾಂಕಿನ ಉದ್ದ, ಮಿಲಿಮೀಟರಿನಲ್ಲಿ. ಎರಡೂ ಕಡೆ ಒಂದೇ ಇರಬೇಕು. ನನ್ನ ಸೈಕಲ್‌ಗೆ ಒಂದು ಕಾಲು ಉದ್ದ, ಒಂದು ಕಾಲು ಗಿಡ್ಡ ಮಾಡಿ ಕಳಿಸಿದ್ದಾರೆ. ಅದಕ್ಕೆ 780 ರೂಪಾಯಿ. ಅದನ್ನೇ ಒರಿಜಿನಲ್ ಪೀಸ್ ಅಂದಿದ್ದು! ಅಲ್ಲೇ ನೆಲದ ಮೇಲೆ ಕೂತು ಕಂಪನಿ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಫ್ರೇಮ್ ನಂಬರ್ ಕೇಳಿದರು. ಮೆಕ್ಯಾನಿಕ್ ಸೈಕಲ್ ಮಗುಚಿ ಹಾಕಿ, ಕ್ರ್ಯಾಂಕ್ ಆಕ್ಸಲ್ ಕೂರುವ ಕೊಳವೆಯ ಕೆಳಗೆ ಪಂಚ್ ಮಾಡಿರುವ ನಂಬರ್ ಓದಿ ಹೇಳಿದರು. ಆ ಕಡೆಯ ಹುಡುಗಿ ಹುಡುಕಿ ಹೇಳಿದಳು, ಈ ನಂಬರಿನ ಮೇಲೆ ಯಾವ ಕ್ಲೇಮೂ ಬಂದಿಲ್ಲ ಮೇಡಂ, ಇವತ್ತಿನವರೆಗೂ ಬಂದಿಲ್ಲ. ಅಂದರೆ ಲೂಧಿಯಾನವೂ ಇಲ್ಲ, ಬೆಂಗಳೂರೂ ಇಲ್ಲ. ಎಲ್ಲಾ ಅಂಗಡಿಯ ಹಿಂದಿನ ಗುಜರಿ ಮೂಲೆಯಿಂದಲೇ ಬಂದಿದ್ದು.

ಅಂಗಡಿಗೆ ಹೋಗಿ ಎರಡೂ ನಂಬರ್ ತೋರಿಸಿದೆ. ಅವನ ಉತ್ತರ ಹಾಗೇ ಬರೆಯುತ್ತೇನೆ, ಓದಿ. "ಐದು ಎಂಎಂ ತಾನೇ ಮೇಡಂ, ನಿಮ್ಮ ಚಪ್ಪಲಿ ದಪ್ಪನೂ ಇಲ್ಲ ಅದು". ಬಣ್ಣ ಯಾಕೆ ಬಿಡ್ತಿದೆ? "ಬಿಸಿಲಿಗೆ". ಕ್ಲೇಮ್ ನಂಬರ್ ಕೊಡಿ. "ಅದೆಲ್ಲ ನಮ್ಮ ಕಂಪ್ಯೂಟರ್‌ನಲ್ಲಿರುತ್ತೆ, ಹುಡುಗ ರಜಾ". ಹಾಗಾದರೆ ನನ್ನ ಮುರಿದ ಕ್ರ್ಯಾಂಕ್ ವಾಪಸ್ ಕೊಡಿ. "ಸ್ಕ್ರ್ಯಾಪ್‌ಗೆ ಹೋಯ್ತು". ವಾರಂಟಿ ಕಾರ್ಡ್? "ಹುಡುಕ್ತೀನಿ". ಇಷ್ಟರ ಮೇಲೆ, ಅಂಗಡಿ ತುಂಬ ಗಿರಾಕಿಗಳಿರುವಾಗ, ನಗುತ್ತಾ, "ನಿಮಗೆ ಇದೆಲ್ಲ ಅರ್ಥ ಆಗಲ್ಲ ಮೇಡಂ, ಮನೇಲಿ ಗಂಡಸರು ಯಾರಾದ್ರೂ ಇದ್ರೆ ಕಳಿಸಿ, ಮಾತಾಡ್ತೀನಿ".

ಎಡಗಡೆ ಪೆಡಲ್ ಯಾವ ಕಡೆ ತಿರುಗುತ್ತದೆ ಅಂತ ಗೊತ್ತಿಲ್ಲದ ಹುಡುಗನನ್ನು ಕೆಲಸಕ್ಕಿಟ್ಟುಕೊಂಡವನು ನನಗೆ ಅರ್ಥ ಆಗಲ್ಲ ಅಂತಾನೆ.

ಮುರಿದ ಪಾರ್ಟ್ ಅವರ ಕೈಲಿದ್ದರೆ ಸಾಕ್ಷಿಯೂ ಅವರ ಕೈಲೇ. ಅದಕ್ಕೇ ಅಷ್ಟು ಬೇಗ ಸ್ಕ್ರ್ಯಾಪ್ ಆಗಿದ್ದು. ನನ್ನ ಪುಣ್ಯಕ್ಕೆ ಪೆಡಲ್ ಮನೆಯಲ್ಲೇ ಉಳಿದಿತ್ತು, ಆ ಅಲ್ಯೂಮಿನಿಯಂ ಸುರುಳಿ ಸಮೇತ. ಅದರ ಫೋಟೋ, 165-170ರ ಫೋಟೋ, ಎಸ್ಟಿಮೇಟ್ ಚೀಟಿ, ವಾಟ್ಸಾಪ್ ಎಲ್ಲ ಸೇರಿಸಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದೇ. 5 ಲಕ್ಷದೊಳಗಿನ ಮಾಲಿಗೆ ಅಲ್ಲಿ ದೂರಿನ ಶುಲ್ಕ ಇಲ್ಲ, 2 ವರ್ಷದೊಳಗೆ ಹಾಕಬೇಕು, ಲಾಯರ್ ಇಲ್ಲದೆ ನೀವೇ ವಾದ ಮಾಡಬಹುದು. ಬಿಲ್ ಕೊಡದೇ ಇರುವುದನ್ನೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಅಂತ ಸೇರಿಸಿದ್ದಾರೆ, ಅಂಗಡಿಯವನಿಗೆ ಇದನ್ನು ಹೇಳಿ ನೋಡಿ, ಮುಖ ಹೇಗಾಗುತ್ತೆ ಅಂತ.

ನೀವು ಮಾಡಬೇಕಾದ್ದು ಇಷ್ಟೇ. ಏನಾದರೂ ಮುರಿದರೆ ಅಂಗಡಿಗೆ ಹೋಗುವ ಮೊದಲೇ ಕಂಪನಿಗೆ ಫೋನ್ ಮಾಡಿ, ದೂರಿನ ನಂಬರ್ ಕೈಗೆ ತಗೊಳ್ಳಿ. ಕಾರ್ಡಿನ ಜೆರಾಕ್ಸ್ ಕೊಡಿ, ಕಾರ್ಡ್ ಕೊಡಬೇಡಿ. ಹೊಸ ಪಾರ್ಟನ್ನು ಡಬ್ಬದಿಂದ ನಿಮ್ಮೆದುರೇ ತೆಗೆದು ಹಾಕಲಿ. ಮೇಡಂ ಮೇಡಂ ಅಂತ ಜಾಸ್ತಿ ಅನ್ನುವವರನ್ನು ನಂಬಲೇಬೇಡಿ.

ನಿನ್ನೆ ಅವನಿಂದ ಮೆಸೇಜ್ ಬಂದಿದೆ, "ದೂರು ವಾಪಸ್ ತಗೊಳ್ಳಿ ಮೇಡಂ, ಕೂತು ಮಾತಾಡೋಣ, ಹೊಸ ಕ್ರ್ಯಾಂಕ್ ತರಿಸಿ ಕೊಡ್ತೀನಿ". ಮೊದಲು ತರಿಸಿದ್ದೆ ಅಂದೆಯಲ್ಲಪ್ಪಾ? ಉತ್ತರ ಕೊಟ್ಟಿಲ್ಲ. ಅದರ ಸ್ಕ್ರೀನ್‌ಶಾಟನ್ನೂ ದೂರಿಗೆ ಸೇರಿಸಿದ್ದೇನೆ. ತುಮಕೂರಿನಲ್ಲಿ ಈಚೆಗೆ ಕ್ರ್ಯಾಂಕ್ ಬದಲಾಯಿಸಿಕೊಂಡವರು ಯಾರಾದರೂ ಇದ್ದರೆ ಇವತ್ತೇ ಎರಡೂ ಕಡೆ ಬಗ್ಗಿ ನಂಬರ್ ನೋಡಿ. ಬೇರೆ ಬೇರೆ ಇದ್ದರೆ ಫೋಟೋ ತೆಗೆದು ನನಗೂ ಕಳಿಸಿ.