ಪಿಎನ್‌ಜಿಯೇಸ್ ಎಫ್, ಎಂಡೊ ಎಚ್: ಎರಡನ್ನೂ ಒಟ್ಟಿಗೇ ತರಿಸಿ

ಸಕ್ಕರೆ ಸರಿಯಾಗಿ ಸೇರದ ವೈರಸ್ ಹೊದಿಕೆ ಪ್ರೋಟೀನು ಎಷ್ಟೋ ಸಲ ಮಡಿಕೆ ಕೆಟ್ಟು ಇ.ಆರ್.ನಲ್ಲೇ (ಕೋಶದೊಳಗೆ ಇಂಥ ಪ್ರೋಟೀನುಗಳು ತಯಾರಾಗುವ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್) ಉಳಿದುಬಿಡುತ್ತದೆ, ವೈರಸ್ ಕಣ ಕಟ್ಟುವ ಜಾಗಕ್ಕೆ ಹೋಗುವುದೇ ಇಲ್ಲ. ಅದು ಎಲ್ಲಿ ನಿಂತಿದೆ ಎಂದು ಜೆಲ್‌ನಲ್ಲಿ ನೋಡಲು ನ್ಯೂ ಇಂಗ್ಲೆಂಡ್ ಬಯೋಲ್ಯಾಬ್ಸ್ ಕಂಪನಿಯ ಪಿಎನ್‌ಜಿಯೇಸ್ ಎಫ್ ಮತ್ತು ಎಂಡೊ ಎಚ್ ಎಂಬ, ಸಕ್ಕರೆ ಕತ್ತರಿಸುವ ಎರಡು ಕಿಣ್ವಗಳು ಒಳ್ಳೆಯ ಆಯ್ಕೆ. ಆದರೆ ಒಂದನ್ನೇ ಕೊಂಡರೆ ಅರ್ಧ ಉತ್ತರವಷ್ಟೇ ಸಿಗುತ್ತದೆ. ಪಿಎನ್‌ಜಿಯೇಸ್ ಎಫ್ ಪ್ರೋಟೀನಿನ ಆಸ್ಪರಜೀನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿದ ಹೆಚ್ಚುಕಡಿಮೆ ಎಲ್ಲ ಸಕ್ಕರೆ ಸರಪಳಿಗಳನ್ನೂ ಬುಡದಿಂದ ಕೀಳುತ್ತದೆ. ಎಂಡೊ ಎಚ್ ಕತ್ತರಿಸುವುದು ಮ್ಯಾನೋಸ್ ಎಂಬ ಸಕ್ಕರೆ ಹೆಚ್ಚಿರುವ, ಇನ್ನೂ ಗಾಲ್ಜಿಯಲ್ಲಿ (ಇ.ಆರ್. ನಂತರದ ನಿಲ್ದಾಣ) ಪೂರ್ತಿ ತಿದ್ದುಪಡಿಯಾಗದ ಸರಪಳಿಗಳನ್ನು ಮಾತ್ರ. ಹಾಗಾಗಿ ಎಂಡೊ ಎಚ್‌ಗೆ ಮಣಿದರೆ, ಅಂದರೆ ಅದು ಕತ್ತರಿಸಿ ಬ್ಯಾಂಡ್ ಕೆಳಗಿಳಿದರೆ, ಪ್ರೋಟೀನು ಗಾಲ್ಜಿ ದಾಟಿಲ್ಲ ಎಂದು ಲೆಕ್ಕ.

1ರಿಂದ 20 ಮೈಕ್ರೋಗ್ರಾಂ ಪ್ರೋಟೀನಿಗೆ 10 ಪಟ್ಟು ಸಾಂದ್ರತೆಯ ಡೀನೇಚರಿಂಗ್ ಬಫರ್ 1 ಮೈಕ್ರೋಲೀಟರ್ ಹಾಕಿ, ನೀರು ಸೇರಿಸಿ 10 ಮೈಕ್ರೋಲೀಟರ್ ಮಾಡಿ, 100 ಡಿಗ್ರಿಯಲ್ಲಿ 10 ನಿಮಿಷ ಇಡಿ. ತಣಿಸಿದ ಮೇಲೆ ಪಿಎನ್‌ಜಿಯೇಸ್ ಎಫ್‌ಗೆ ಗ್ಲೈಕೋಬಫರ್ 2 ಮತ್ತು 10% ಎನ್‌ಪಿ-40, ತಲಾ 2 ಮೈಕ್ರೋಲೀಟರ್. ಎಂಡೊ ಎಚ್‌ಗೆ ಗ್ಲೈಕೋಬಫರ್ 3, 2 ಮೈಕ್ರೋಲೀಟರ್. ಕಿಣ್ವ 1 ಮೈಕ್ರೋಲೀಟರ್, ನೀರು ಸೇರಿಸಿ ಒಟ್ಟು ಸುಮಾರು 20 ಮೈಕ್ರೋಲೀಟರ್ ಮಾಡಿ, 37 ಡಿಗ್ರಿಯಲ್ಲಿ 1 ಗಂಟೆ ಇಡಿ. ಕಿಣ್ವ ಹಾಕದ ಮಾದರಿಯೂ ಅಷ್ಟೇ ಹೊತ್ತು ಪಕ್ಕದಲ್ಲೇ ಇರಲಿ.

ಎನ್‌ಪಿ-40 ಎಂಬ ಮೃದು ಮಾರ್ಜಕವನ್ನು ಮರೆತರೆ, ಡೀನೇಚರಿಂಗ್ ಬಫರ್‌ನಲ್ಲಿರುವ ಎಸ್‌ಡಿಎಸ್ ಮಾರ್ಜಕ ಪಿಎನ್‌ಜಿಯೇಸ್ ಎಫ್ ಅನ್ನು ತಡೆಯುತ್ತದೆ. ಬ್ಯಾಂಡ್ ಕದಲದಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಪ್ರೋಟೀನುಗಳನ್ನೆಲ್ಲ ತೋರಿಸುವ ಕೂಮಾಸಿ ಬಣ್ಣದಲ್ಲಿ 36 ಕಿಲೋಡಾಲ್ಟನ್ ಹತ್ತಿರ ಕಾಣುವುದು ಪಿಎನ್‌ಜಿಯೇಸ್ ಎಫ್, 29ರ ಹತ್ತಿರದ್ದು ಎಂಡೊ ಎಚ್. ಅವು ನಿಮ್ಮ ಪ್ರೋಟೀನಿನ ತುಂಡುಗಳಲ್ಲ. ಹೈ ಫೈವ್‌ನಂಥ ಕೀಟಕೋಶಗಳಲ್ಲಿ ಬುಡದ ಸಕ್ಕರೆಗೆ ಆಲ್ಫಾ-1,3 ಫ್ಯೂಕೋಸ್ ಸೇರಿದ್ದರೆ ಪಿಎನ್‌ಜಿಯೇಸ್ ಎಫ್ ಸೋಲುತ್ತದೆ.

ಹೋಲಿಕೆಯ ನಿಯಂತ್ರಣಕ್ಕೆ ವಿಎಸ್‌ವಿ (ವೆಸಿಕ್ಯುಲರ್ ಸ್ಟೊಮಟೈಟಿಸ್ ವೈರಸ್) ಹೊದಿಕೆಯ ಜಿ ಪ್ರೋಟೀನಿನ, ತಾಪಕ್ಕೆ ಸೂಕ್ಷ್ಮವಾದ ಟಿಎಸ್045 ರೂಪ ಅತ್ಯುತ್ತಮ. 40 ಡಿಗ್ರಿಯಲ್ಲಿ ಅದು ಇ.ಆರ್.ನಲ್ಲಿ ಸಿಕ್ಕಿಕೊಂಡು ಎಂಡೊ ಎಚ್‌ಗೆ ಮಣಿಯುತ್ತದೆ. 32ಕ್ಕೆ ಇಳಿಸಿದರೆ ಗಾಲ್ಜಿ ದಾಟಿ ಮಣಿಯದಂತಾಗುತ್ತದೆ. ಎಚ್‌ಐವಿಯ ಹೊದಿಕೆ ಪ್ರೋಟೀನಾದ ಜಿಪಿ120ಕ್ಕೆ ಮಾತ್ರ ಈ ಲೆಕ್ಕ ನಂಬಬೇಡಿ. ಅದರ ಸಕ್ಕರೆಗಳು ಎಷ್ಟು ಒತ್ತೊತ್ತಾಗಿವೆಯೆಂದರೆ ಗಾಲ್ಜಿಯ ಕಿಣ್ವಗಳೇ ಹಲವು ಕಡೆ ತಲುಪವು. ಹಾಗಾಗಿ ಕಣ ಸೇರಿದ ಮೇಲೂ ಅದರ ಬಹುಪಾಲು ಎಂಡೊ ಎಚ್‌ಗೆ ಮಣಿಯುತ್ತದೆ.

ಪ್ರೋಟೀನಿನ ಯಾವ ಜಾಗದ ಸಕ್ಕರೆ ವೈರಸ್ ಕಣದ ಜೋಡಣೆಗೆ ಬೇಕು ಎಂಬುದನ್ನು ಈ ಜೋಡಿ ಹೇಳದು. ಅದಕ್ಕೆ ಆಸ್ಪರಜೀನ್ ಬದಲಿಗೆ ಗ್ಲುಟಮೀನ್ ಇಟ್ಟು ಒಂದೊಂದೇ ಜಾಗ ಕೆಡಿಸಿ ನೋಡಬೇಕು. ಡೆಂಗಿ ವೈರಸ್ ಹೊದಿಕೆಯ ಇ ಪ್ರೋಟೀನಿನಲ್ಲಿ 67 ಮತ್ತು 153 ಎಂಬ ಎರಡೇ ಜಾಗಗಳಿರುವುದರಿಂದ ಆ ಕೆಲಸ ಬೇಗ ಮುಗಿಯುತ್ತದೆ.