ಶಾಲೆಯಲ್ಲಿ ಸರ್ವೇ: ಯಾವ ಒಪ್ಪಿಗೆ ತಗೋಬೇಕು?

ಮಕ್ಕಳ ಆರೋಗ್ಯದ ಸರ್ವೇ ಮಾಡೋರ ಮುಂದೆ ಎರಡು ದಾರಿ ಇವೆ. ಒಂದು, ಅಪ್ಪ-ಅಮ್ಮ ಸಹಿ ಹಾಕಿ ಕಳಿಸಿದರೆ ಮಾತ್ರ ಮಗುವನ್ನು ಸೇರಿಸಿಕೊಳ್ಳುವುದು. ಇನ್ನೊಂದು, "ಬೇಡ" ಅಂತ ಚೀಟಿ ಬರದಿದ್ದರೆ ಒಪ್ಪಿದ್ದಾರೆ ಅಂದುಕೊಳ್ಳುವುದು. ಎರಡನೆಯದರಲ್ಲಿ ಮಕ್ಕಳು ಜಾಸ್ತಿ ಸಿಗ್ತಾರೆ, ನಿಜ. ಆದರೆ ಚೀಟಿ ಬ್ಯಾಗಿನ ತಳದಲ್ಲೇ ಉಳಿದಿರಬಹುದು, ಓದು ಬಾರದ ಅಮ್ಮನ ಕೈಗೆ ಹೋಗಿರಬಹುದು, ಅವರು ಸುಮ್ಮನಿದ್ದದ್ದು ಒಪ್ಪಿಗೆ ಹೇಗಾಗುತ್ತೆ? ನಾನಂತೂ ಮೊದಲನೆಯದನ್ನೇ ಆರಿಸಿ ಅಂತೀನಿ. ಫಾರಂ ವಾಪಸ್ ಬರೋದು ಕಡಿಮೆ, ಅದಕ್ಕೆ ಪೋಷಕರ ಸಭೆಯಲ್ಲೇ ಕೂತು ಓದಿ ಹೇಳಿ.

ಸಹಿ ಸಿಕ್ಕರೂ ಮುಗಿಯಲಿಲ್ಲ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ 7ರಿಂದ 12 ವರ್ಷದ ಮಗುವಿನ ಬಾಯಿಮಾತಿನ ಒಪ್ಪಿಗೆ ಬೇಕು, ಅಲ್ಲಿಂದ 18ರವರೆಗೆ ಬರವಣಿಗೆಯಲ್ಲಿ. ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದರೆ ಯಾವ ಮಗು ತಾನೇ "ಬೇಡ ಸಾರ್" ಅನ್ನುತ್ತೆ? ಅವರನ್ನು ಸ್ವಲ್ಪ ಹೊರಗಿರಲು ಹೇಳಿ.