ಅರ್ಧ ಗಂಟೆಯಲ್ಲಿ ಹಲ್ಲು ಕಟ್ಟಿಕೊಡುವವರ ಹತ್ತಿರ ಹೋಗಬೇಡಿ

ದಾವಣಗೆರೆಯಲ್ಲಿ ಹಲ್ಲಿನ ಸೆಟ್ಟಿನ ಬೋರ್ಡು ಹಾಕಿಕೊಂಡವರೆಲ್ಲ ಡಾಕ್ಟರಲ್ಲ. ನಮ್ಮ ಸೋದರಮಾವನಿಗೆ ಆದದ್ದು ಓದಿ.

ಮಾವನಿಗೆ ಶುಗರ್ ಇದೆ. ಹಲ್ಲುಜ್ಜುವಾಗ ವಸಡಲ್ಲಿ ರಕ್ತ ಬರುತ್ತಿತ್ತು, ನೋವಿಲ್ಲವಲ್ಲ ಅಂತ ಸುಮ್ಮನಿದ್ದರು. ವಸಡಿನ ಕಾಯಿಲೆಯ ಕಿತಾಪತಿಯೇ ಅದು, ಹಲ್ಲು ಅಲ್ಲಾಡುವವರೆಗೂ ಎಷ್ಟೋ ಸಲ ನೋವೇ ಇರುವುದಿಲ್ಲ. ಮುಂದಿನ ಒಂದು ಹಲ್ಲು ಬಿದ್ದೇಹೋಯಿತು. ಮಗಳ ಮದುವೆ ಬೇರೆ ಹತ್ತಿರ ಬಂದಿತ್ತು. ಯಾರೋ ಹೇಳಿದರು ಅಂತ ಪೇಟೆ ಕಡೆ ಒಂದು ಮಹಡಿ ರೂಮಿಗೆ ಹೋದರು, ಜೊತೆಗೆ ನಾನೂ ಇದ್ದೆ.

ಎಕ್ಸ್‌ರೇ ಇಲ್ಲ, ಶುಗರ್ ಇದೆಯಾ ಅಂತ ಅಲ್ಲಿದ್ದವನು ಕೇಳಲೂ ಇಲ್ಲ. ಗುಲಾಬಿ ಬಣ್ಣದ ಪುಡಿಗೆ ಘಾಟು ವಾಸನೆಯ ನೀರಿನಂಥದ್ದೇನೋ ಹಾಕಿ ಕಲಸಿದ, ಅದರಲ್ಲಿ ರೆಡಿಮೇಡ್ ಹಲ್ಲೊಂದನ್ನು ಕೂರಿಸಿ, ಅಕ್ಕಪಕ್ಕದ ಹಲ್ಲಿಗೆ ಸೇರಿಸಿ ವಸಡಿನ ಮೇಲೇ ಮೆತ್ತಿಬಿಟ್ಟ. ಅದು ಅಕ್ರಿಲಿಕ್ ಅನ್ನುವ ಒಂದು ಬಗೆಯ ಪ್ಲಾಸ್ಟಿಕ್, ಗಟ್ಟಿಯಾಗುವಾಗ ಬಿಸಿಯಾಗುತ್ತದೆ. "ಸುಡ್ತದಲ್ಲೋ" ಅಂದರು ಮಾವ. "ಹಂಗೇ ಇರ್ತದೆ ಯಜಮಾನ್ರೇ, ಪರ್ಮನೆಂಟು" ಅಂದ. ಪಾಚಿ ತೆಗೆಸಬೇಕಾ ಅಂತ ನಾನು ಕೇಳಿದ್ದಕ್ಕೆ, ಕ್ಲೀನ್ ಮಾಡಿಸಿದರೆ ಇದ್ದ ಹಲ್ಲೂ ಸಡಿಲ ಆಗ್ತವೆ ಅಂತ ನಮಗೇ ಪಾಠ ಹೇಳಿದ.

ಮದುವೆ ಫೋಟೋ ಏನೋ ಚೆನ್ನಾಗಿಯೇ ಬಂತು. ಆಮೇಲೆ ಶುರುವಾಯಿತು ನೋಡಿ ಬಾಯಿ ವಾಸನೆ. ಲವಂಗ, ಏಲಕ್ಕಿ, ಮೌತ್‌ವಾಶ್ ಯಾವುದೂ ನಡೆಯಲಿಲ್ಲ. ಅತ್ತೆ ಪಕ್ಕದಲ್ಲಿ ಕೂರುವುದನ್ನೇ ಬಿಟ್ಟರು. ಕೊನೆಗೆ ಡೆಂಟಲ್ ಕಾಲೇಜಿನಲ್ಲಿ ಅದನ್ನು ಕೊರೆದು ತೆಗೆದಾಗ ಅಡಿಯಲ್ಲಿ ಕೊಳೆತ ಅನ್ನದ ಚೂರು, ಕೀವು, ಮುಟ್ಟಿದರೆ ರಕ್ತ ಸುರಿಯುವ ವಸಡು. ಬ್ರಷ್ ಹೋಗಲು ಜಾಗವೇ ಇರದಿದ್ದರೆ ಇನ್ನೇನಾಗುತ್ತದೆ? ಡಾಕ್ಟರು ಗೆರೆ ಹಾಕಿದ ಸಣ್ಣ ಕಡ್ಡಿಯನ್ನು ಹಲ್ಲು-ವಸಡಿನ ಸಂದಿಗೆ ಇಳಿಸಿದರು. 3 ಮಿಲಿಮೀಟರ್‌ವರೆಗೆ ಸರಿ, ಮಾವನಿಗೆ 7 ಇಳಿಯಿತು. ಪಕ್ಕದ ಎರಡು ಹಲ್ಲು ಉಳಿಯಲಿಲ್ಲ.

ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತದೆ ಅನ್ನುವುದು ಶುದ್ಧ ಸುಳ್ಳು. ಕಲ್ಲಾದ ಪಾಚಿ ಹೋಗಿ ಊತ ಇಳಿದ ಮೇಲೆ ಸಂದಿ ಕಾಣುತ್ತದೆ, ಸ್ವಲ್ಪ ದಿನ ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆ, ಅಷ್ಟೇ. ಆ ಪಾಚಿ ಬ್ರಷ್‌ಗೆ ಹೋಗಲ್ಲ, ಉಪ್ಪುನೀರಿಗೂ ಹೋಗಲ್ಲ. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ವಸಡು ಬೇಗ ಹಾಳಾಗುತ್ತದೆ, ಗುಟ್ಕಾ, ಬೀಡಿ ಇದ್ದರೆ ಇನ್ನೂ ಜಾಸ್ತಿ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶನ್ನು ನಿಮ್ಮಷ್ಟಕ್ಕೆ ನೀವೇ ತಿಂಗಳುಗಟ್ಟಲೆ ಬಳಸಬೇಡಿ, ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ.

ಕುರ್ಚಿ ಹತ್ತುವ ಮೊದಲು ಡೆಂಟಲ್ ಕೌನ್ಸಿಲ್ ನೋಂದಣಿ ಸಂಖ್ಯೆ ಕೇಳಿ. ಕಾನೂನು ಇರುವುದೇ ಅದಕ್ಕೆ. ಕೇಳಿದರೆ ಸಿಟ್ಟು ಮಾಡಿಕೊಂಡರು ಅಂದರೆ ಎದ್ದು ಬನ್ನಿ. ದುಡ್ಡಿನ ಯೋಚನೆ ಇದ್ದರೆ ನಮ್ಮೂರಲ್ಲೇ ಎರಡು ಡೆಂಟಲ್ ಕಾಲೇಜು ಇವೆ. ವಿದ್ಯಾರ್ಥಿಗಳು ಮಾಡುತ್ತಾರೆ, ಮೇಷ್ಟ್ರು ಬಂದು ನೋಡುತ್ತಾರೆ, ಹಾಗಾಗಿ ನಿಧಾನ. ಬೆಳಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ, ತಿಂಡಿ ತಿಂದುಕೊಂಡೇ ಹೋಗಿ.